ಮೊದಲ ಟೋಪಿಯ ಬಣ್ಣ

ಅಲಬಾಮಾದಲ್ಲಿ ಮದುವೆಗೆ ಜಾತಕ ನೋಡುವುದಿಲ್ಲ, ಬೀಗರು ಯಾವ ಕಾಲೇಜಿನ ಫುಟ್‌ಬಾಲ್ ತಂಡದ ಕಡೆಯವರೆಂದು ನೋಡುತ್ತಾರೆ. ಹಾರ್ಲನ್ ಟ್ರಿಮಲ್‌ನ ಮಗಳು ರೇಲೀನ್ ಅದನ್ನೂ ನೋಡಲಿಲ್ಲ. ಕೂಸಾ ಕಾಲೇಜಿನ ಕೆಂಪೇ ಉಸಿರಾಗಿದ್ದ ಹಾರ್ಲನ್‌ಗೆ, ಪೈನ್‌ಹಿಲ್ ಕಾಲೇಜಿನ ನೇರಳೆ ಅಂಗಿಯಲ್ಲೇ ಚರ್ಚಿಗೆ ಹೋಗುವ ಡ್ವೇನ್ ಸ್ಪ್ರಾಗಿನ್ಸ್ ಬೀಗನಾಗಿ ಗಂಟುಬಿದ್ದ.

ಹುಟ್ಟಲಿರುವ ಮೊಮ್ಮಗು ಆಸ್ಪತ್ರೆಯಿಂದ ಯಾವ ಬಣ್ಣದ ಟೋಪಿಯಲ್ಲಿ ಮನೆಗೆ ಬರಬೇಕೆಂದು ಇಬ್ಬರಿಗೂ ಜಗಳ. ರೇಲೀನ್ ರೋಸಿಹೋದಳು.

"ಶನಿವಾರ ರೇಡಿಯೊದಲ್ಲಿ ಸಾರ್ವಕಾಲಿಕ ಶ್ರೇಷ್ಠ ತಂಡಗಳ ಪಟ್ಟಿ ಓದ್ತಾರಲ್ಲ, ಅದ್ರಲ್ಲಿ ಮೇಲಿರೋರ ಟೋಪಿ. ಇನ್ನು ನನ್ನ ತಲೆ ತಿನ್ಬೇಡಿ!"

ಕಳೆದ ಸಲದ ಪಟ್ಟಿಯಲ್ಲಿ ಪೈನ್‌ಹಿಲ್ ಹತ್ತನೆಯದು, ಕೂಸಾ ಹನ್ನೊಂದನೆಯದು. ಇಬ್ಬರ ಚಾಂಪಿಯನ್ ಪಟ್ಟಗಳೂ ಸಮಸಮ, ಕೂಸಾ ಮೇಲೇರಲು ಇನ್ನೊಂದು ಸಿಕ್ಕರೆ ಸಾಕು. ಅದೇನು ಮಹಾ! ಹಳೆಯ ಕಾಲದಲ್ಲಿ ಫೈನಲ್ಲೇ ಇರಲಿಲ್ಲ. ಯಾರೋ ಕೂತು ಲೆಕ್ಕ ಹಾಕಿ 'ಈ ವರ್ಷ ಇವರೇ' ಎಂದಿದ್ದರೆ, ಎಷ್ಟು ಕಾಲ ಕಳೆದರೂ ಕಾಲೇಜು ಆ ಪಟ್ಟವನ್ನು ತನ್ನದೆನ್ನಬಹುದು. ಪಂದ್ಯ ಗೆಲ್ಲಲು ಓಡಬೇಕು, ಇದಕ್ಕೆ ದಪ್ಪ ಚರ್ಮವಿದ್ದರೆ ಸಾಕು.

ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷನಾದ ಹಾರ್ಲನ್ ಹುಡುಕಿಯೇ ಹುಡುಕಿದ. ಎಂದೋ ತೀರಿಹೋದ ಗಣಿತದ ಮೇಷ್ಟ್ರೊಬ್ಬರ ಲೆಕ್ಕದಲ್ಲಿ 1931ರ ಚಾಂಪಿಯನ್ ಕೂಸಾ! ಆ ವರ್ಷ ಕೂಸಾ ಮೂರು ಪಂದ್ಯ ಸೋತಿತ್ತು, ಅದನ್ನು ಯಾರು ಕೇಳುತ್ತಾರೆ? ಸಂಘ ಚಪ್ಪಾಳೆ ತಟ್ಟಿತು, ಕಾಲೇಜು ಅಸ್ತು ಎಂದಿತು. ಕ್ರೀಡಾಂಗಣದ ಗೋಡೆಗೆ ಇಸವಿ ಬರೆಸುತ್ತಿದ್ದಾಗ ಹೆಂಡತಿಯ ಫೋನು ಬಂತು.

"ಹೆರಿಗೆ ಆಯ್ತು ಕಣ್ರೀ!"

"ಟೋಪಿ ಹಾಕಿಲ್ಲ ತಾನೇ?" ಎಂದ ಹಾರ್ಲನ್.

ಶನಿವಾರ ಬೆಳಿಗ್ಗೆ ಅವನೇ ರೇಡಿಯೊದಲ್ಲಿ ಕೂತು, ಗಣಿತ ಮೇಷ್ಟ್ರನ್ನು ಹಾಡಿ ಹೊಗಳಿದ. ಅಷ್ಟರಲ್ಲಿ ಕರೆ ಮಾಡಿದವನು ಡ್ವೇನ್.

"ಬೀಗರೇ, ಅದೇ ಮೇಷ್ಟ್ರ ಲೆಕ್ಕದಲ್ಲಿ 1928, 1933 ಎರಡೂ ನಮ್ಮವು. ನಾಚಿಕೆ ಆಗಿ ಇಷ್ಟು ದಿನ ಕೇಳಿರ್ಲಿಲ್ಲ. ನೀವೇ ಅವರನ್ನ ಒಪ್ಪಿದ್ಮೇಲೆ ಇನ್ನೇನು ನಾಚಿಕೆ? ನಿನ್ನೆ ನಮ್ಮ ಕಾಲೇಜೂ ಒಪ್ಕೊಂಡ್ಬಿಡ್ತು."

ಪೈನ್‌ಹಿಲ್ ಒಂಬತ್ತಕ್ಕೆ ಏರಿತು. ಕೂಸಾ ಹತ್ತಕ್ಕೆ ಬಂದೂ ಹಿಂದೆಯೇ ಉಳಿಯಿತು.

ಆಸ್ಪತ್ರೆಯಲ್ಲಿ ಡ್ವೇನ್ ಹಲ್ಲು ಕಿರಿಯುತ್ತ ಮಗುವಿಗೆ ನೇರಳೆ ಟೋಪಿ ತೊಡಿಸಿದ. ಹಾರ್ಲನ್ ಮಗುವನ್ನು ಎತ್ತಿಕೊಂಡ, ಟೋಪಿಯಿಂದ ಕಣ್ಣು ಕೀಳಲಾಗಲಿಲ್ಲ.

"ಇರ್ಲಿ ಬಿಡಮ್ಮ," ಎಂದ ಮಗಳಿಗೆ. "ಇವನು ದೊಡ್ಡವನಾಗಿ ಕೂಸಾ ಪರ ಆಡಿ ಇವರ ಸೊಕ್ಕು ಇಳಿಸ್ತಾನೆ ನೋಡು."

ರೇಲೀನ್ ಮಗುವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಹೆಣ್ಣು ಮಗು ಅಪ್ಪಾ. ಹುಟ್ಟಿ ಮೂರು ದಿನ ಆಯ್ತು."