ಬಂಗಾರದ ಕಾರ್ಡು, ಜಲಜಾಕ್ಷಿಯ ಮೊಣಕಾಲು

ಮೋನಪ್ಪನವರ ಪರ್ಸಿನಲ್ಲಿ ಕಟೀಲಮ್ಮನ ಚಿತ್ರದ ಹಿಂದೆ ಬಂಗಾರ ಬಣ್ಣದ ಒಂದು ಕಾರ್ಡು ಇರುತ್ತಿತ್ತು. ಲಂಡನ್ನಿನಲ್ಲಿ ಗೆಳೆಯನ ಹೋಟೆಲಿಗೆ ಅಡುಗೆಮನೆ ಕಟ್ಟಿಕೊಡಲು ನಾಲ್ಕು ವರ್ಷ ಓಡಾಡಿದ್ದಕ್ಕೆ ವಿಮಾನದ ಕಂಪನಿ ಕೊಟ್ಟದ್ದು. ಹಿಂದಿನ ಸೀಟಿಗೆ ಟಿಕೆಟು ಕೊಂಡರೂ, ಮುಂದೆ ಅಗಲದ ಸೀಟು ಖಾಲಿಯಿದ್ದರೆ ಕರೆದು ಕೂರಿಸುತ್ತಿದ್ದರು. ಮೂರು ಸಲ ಹಾಗಾಗಿತ್ತು. ಅಮ್ಮನ ಕುಂಕುಮ ತಾಗಿ ತಾಗಿ ಕಾರ್ಡಿನ ಒಂದು ಮೂಲೆ ಕೆಂಪಾಗಿತ್ತು.

ಆ ಕಾರ್ಡಿನ ಧೈರ್ಯದ ಮೇಲೆಯೇ ೨೦೦೬ರ ಮಾರ್ಚಿನಲ್ಲಿ ಅವರು ಹೆಂಡತಿ ಜಲಜಾಕ್ಷಿಯನ್ನು ಲಂಡನ್ನಿಗೆ ಹೊರಡಿಸಿದ್ದು. ಗೆಳೆಯ ಎರಡನೆಯ ಹೋಟೆಲು ತೆರೆಯುತ್ತಿದ್ದ. ದೆಹಲಿಯ ಜನಕಪುರಿಯಲ್ಲಿ ಮೋನಪ್ಪನವರ ಸ್ವಂತ ಹೋಟೆಲಿನ ಒಲೆಗೆ ಮೊದಲು ಬೆಂಕಿ ಹಚ್ಚಿದವಳು ಜಲಜಾಕ್ಷಿ, ಇಲ್ಲಿಗೂ ಅವಳೇ ಬರಬೇಕೆಂದು ಅವನ ಹಟ. ಆದರೆ ಅವಳ ಬಲ ಮೊಣಕಾಲಿಗೆ ಆಪರೇಷನ್ ಆಗಿ ಐದೇ ತಿಂಗಳು. ಬಹಳ ಹೊತ್ತು ಕಾಲು ಮಡಚಿ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಲಂಡನ್ನಿಗೆ ಒಂಬತ್ತು ಗಂಟೆ.

"ಕಾರ್ಡಿದೆಯಲ್ಲ! ಒಂದೇ ಸೀಟು ಸಿಕ್ಕಿದ್ರೂ ಅದು ನಿನಗೆ. ಕಾಲು ಚಾಚಿಸಿಯೇ ಕರ್ಕೊಂಡು ಹೋಗ್ತೇನೆ" ಎಂದು ಮೋನಪ್ಪನವರು ದೇವರ ಕೋಣೆಯಲ್ಲೇ ಮಾತು ಕೊಟ್ಟಿದ್ದರು.

ವಿಮಾನ ನಿಲ್ದಾಣಕ್ಕೆ ಬಂದರೆ, ಟಿಕೆಟಿನ ಮೇಲಿದ್ದ ವಿಮಾನದ ನಂಬರು ಅವರ ಕಾರ್ಡಿನ ಕಂಪನಿಯದೇ. ಕೌಂಟರಿನ ಮೇಲಿದ್ದ ಬೋರ್ಡು ಮಾತ್ರ ಬೇರೆ ಯಾರದೋ. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು.

"ಅಂಕಲ್‌ಜೀ, ವಿಮಾನ ನಮ್ಮದು. ಅವರು ತಮ್ಮ ನಂಬರಿನಲ್ಲಿ ಟಿಕೆಟು ಮಾರಿದ್ದಾರೆ ಅಷ್ಟೇ. ಕೋಡ್‌ಶೇರ್ ಅಂತೀವಿ. ಮುಂದಿನ ಸೀಟೇನಿದ್ರೂ ನಮ್ಮ ಕಾರ್ಡಿನವರಿಗೆ."

"ಖಾಲಿ ಇದೆಯಾ?"

"ನಾಲ್ಕು ಇದೆ."

"ಖಾಲಿ ಹಾರಿಸಿಕೊಂಡು ಹೋದ್ರೂ ಕೊಡೋದಿಲ್ವಾ?"

"ನಿಮ್ಮ ಬಂಗಾರ ನನ್ನ ಕಂಪ್ಯೂಟರಿಗೆ ಕಾಣಿಸೋದೇ ಇಲ್ಲ."

ಮೋನಪ್ಪನವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಕೌಂಟರಿನ ಮೇಲೆ ಮೊಣಕೈ ಊರಿದರು.

"ಅಚ್ಛಾ! ಆರ್ಡರ್ ಅವರದು, ಒಲೆ ನಿಮ್ಮದು. ನಾನೂ ಇದನ್ನೇ ಮಾಡ್ತೇನಲ್ಲ ಮಗಳೇ."

ಒಂದೇ ದಿನ ಎರಡು ಮನೆಯ ಸಮಾರಂಭದ ಅಡುಗೆಯ ಆರ್ಡರ್ ಬಂದರೆ ಅವರು ಒಂದನ್ನು ಪೀತಮ್‌ಪುರದ ಜಗನ್ನಾಥನ ಅಡುಗೆಮನೆಗೆ ಕಳಿಸುತ್ತಿದ್ದರು. ಪಾತ್ರೆಯ ಮೇಲೆ ಮೋನಪ್ಪನ ಹೆಸರು, ಸೌಟು ಹಿಡಿಯುವ ಕೈ ಜಗನ್ನಾಥನದು. ಎಲೆಯ ಮುಂದೆ ಕೂತವರಿಗೆ ಅದು ಹೇಗಿರುತ್ತದೆ ಎಂದು ಮಾತ್ರ ಅವರು ಇಷ್ಟು ವರ್ಷ ಯೋಚಿಸಿರಲಿಲ್ಲ.

"ಆದ್ರೆ ನಾನು ಜೊತೆಗೊಂದು ಚೀಟಿ ಕಳಿಸ್ತೇನೆ. ಇಂಥವರಿಗೆ ಖಾರ ಆಗೋದಿಲ್ಲ, ಇಂಥವರಿಗೆ ಎರಡನೇ ಸಲ ಪಾಯಸ ಬೇಕು. ನನ್ನ ಬಗ್ಗೆ ಅವರು ಚೀಟಿ ಏನಾದ್ರೂ ಕಳಿಸಿದ್ದಾರಾ ನೋಡು."

ಹುಡುಗಿ ನಗು ತಡೆದುಕೊಂಡು ನಿಜವಾಗಿಯೂ ನೋಡಿದಳು. "ಹೆಸರಿದೆ. ವೆಜ್ ಊಟ ಅಂತಿದೆ. ಇನ್ನೇನೂ ಇಲ್ಲ."

"ಚಲೋ ಭಾಯ್‌ಸಾಬ್!" ಎಂದು ಸಾಲಿನಲ್ಲಿ ಯಾರೋ ಕೂಗಿದರು. ಟ್ರಾಲಿಗೆ ಒರಗಿ ನಿಂತಿದ್ದ ಜಲಜಾಕ್ಷಿ ಗಂಡನ ತೋಳು ಎಳೆದಳು.

"ನಿಮ್ಮ ಹೋಟೆಲು ಪುರಾಣ ಸಾಕು ಮಾರಾಯ್ರೆ. ಆಗಿನಿಂದ ಕಾರ್ಡು ಕಾರ್ಡು ಅಂತ ತೋರಿಸ್ತಾ ಇದ್ದೀರಿ. ನನ್ನ ಕಾಲಿನ ಸುದ್ದಿ ಒಂದು ಸಲ ಎತ್ತಿದ್ರಾ?"

ಎತ್ತಿರಲಿಲ್ಲ. ಜಲಜಾಕ್ಷಿ ಚೀಲದಿಂದ ಪ್ರಸಾದದ ಪೊಟ್ಟಣ ಸರಿಸಿ ಡಾಕ್ಟರ ಕಾಗದ ತೆಗೆದಳು. ಹುಡುಗಿ ಅದನ್ನು ಎರಡು ಸಲ ಓದಿ, ಹಿಂದೆ ನಿಂತ ಮೇಲಿನವರನ್ನು ಕೇಳಿ ಬಂದಳು.

"ಇದನ್ನು ಮೊದಲೇ ಕೊಡಬಾರದಿತ್ತಾ ಆಂಟೀ? ಅಗಲದ ಸೀಟು ನನ್ನ ಕೈಯಲ್ಲಿಲ್ಲ. ಆದ್ರೆ ಹಿಂದಿನ ಭಾಗದ ಮೊದಲ ಸಾಲಲ್ಲಿ ದಾರಿ ಪಕ್ಕ ಒಂದಿದೆ. ಎದುರಿಗೆ ಬರೀ ಗೋಡೆ, ಕಾಲು ಚಾಚಬಹುದು. ಒಂದೇ ಇರೋದು. ಅಂಕಲ್‌ಗೆ ಮೂವತ್ತೆಂಟನೇ ಸಾಲು, ನಡುವಿನದು."

"ಹಾಂ, ಬಂಗಾರದವರನ್ನು ಅಲ್ಲೇ ಕೂರಿಸು" ಎಂದಳು ಜಲಜಾಕ್ಷಿ ತನ್ನ ಹರಕು ಹಿಂದಿಯಲ್ಲಿ.

ವಿಮಾನಕ್ಕೆ ಕಾಯುತ್ತ ಕೂತಾಗ ಮೋನಪ್ಪನವರಿಗೆ ಏನೋ ಹೊಳೆದು ಪೀತಮ್‌ಪುರಕ್ಕೆ ಫೋನು ಮಾಡಿದರು.

"ಜಗನ್ನಾಥ, ನಾಳೆ ನಾರಾಯಣಸ್ವಾಮಿಯವರ ಮನೆ ಪೂಜೆಯ ಊಟ ನಿನ್ನದೇ ಅಲ್ವಾ? ಚೀಟಿ ಸಿಕ್ತಾ?"

"ಎಂತ ಚೀಟಿ ಅಣ್ಣಾ?"

ಹೊರಡುವ ಗಡಿಬಿಡಿಯಲ್ಲಿ ಬರೆದೇ ಇರಲಿಲ್ಲ. ಕೌಂಟರಿನಲ್ಲಿ ಹೇಳಿಕೊಂಡದ್ದು ನೆನಪಾಗಿ ಮೋನಪ್ಪನವರ ಕಿವಿ ಬಿಸಿಯಾಯಿತು.

"ಅವರ ತಾಯಿ ಇಂದಿರಮ್ಮನಿಗೆ ಹಲ್ಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಅವರಿಗೇ ಅಂತ ಒಂದು ಚಿಕ್ಕ ಪಾತ್ರೆಯಲ್ಲಿ ಮೆತ್ತಗಿನ ಅನ್ನ ಬೇರೆ ಇಡ್ತೇನೆ. ಆಯಮ್ಮ ಬಾಯಿಬಿಟ್ಟು ಕೇಳೋದಿಲ್ಲ. ಬರ್ತದೆ ಅಂತ ಸುಮ್ಮನೆ ಎಲೆ ಮುಂದೆ ಕೂತಿರ್ತಾರೆ."

"ಆಯ್ತಣ್ಣಾ, ನಾನೇ ಇಡ್ತೇನೆ. ನೀವು ಆರಾಮಲ್ಲಿ ಮುಂದೆ ಕೂತು ಹೋಗಿ."

"ಹೂಂ" ಎಂದರು ಮೋನಪ್ಪನವರು.

ವಿಮಾನ ಹತ್ತಿದ ಮೇಲೆ ಜಲಜಾಕ್ಷಿ ಬಲಗಾಲನ್ನು ನೀಳವಾಗಿ ಚಾಚಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಉಸಿರು ಬಿಟ್ಟಳು. ಮೋನಪ್ಪನವರು ಅದನ್ನು ನೋಡಿಕೊಂಡು ಹಿಂದಕ್ಕೆ ನಡೆದರು. ಕಾಲು ಚಾಚಿಸುತ್ತೇನೆ ಎಂದಷ್ಟೇ ಅವರು ಹೇಳಿದ್ದು. ಯಾವ ಸಾಲಿನಲ್ಲಿ ಎಂದು ಕಟೀಲಮ್ಮನೇನೂ ಕೇಳಿರಲಿಲ್ಲ.

ಮೂವತ್ತೆಂಟನೇ ಸಾಲಿಗೆ ಊಟ ಬರುವಾಗ ಆರಿಹೋಗಿತ್ತು. ಮೋನಪ್ಪನವರು ಪಲಾವು ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ತಟ್ಟೆ ಕೊಟ್ಟ ಹುಡುಗಿಯನ್ನು ಕರೆದರು.

"ಬೇಟೀ, ಇದು ನಿಮ್ಮದೇ ಅಡುಗೆಮನೆಯದಾ, ಬೇರೆಯವರದಾ?"

ಅವಳಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಹೋದಳು.