ಒಗೆದು ಕೊಟ್ಟ ಸೀರೆ

ಎಮ್ಮೆ ಒದ್ದ ತಂಬಿಗೆ ಉರುಳಿಹೋಗಿ ಗೋದಲಿಗೆ ಬಡಿಯಿತು.

"ನೋಡಿದ್ಯೇನವ್ವ ಕೊಟ್ರವ್ವ? ದಿನಾ ಇದೇ ಆಟ," ಎಂದರು ಮನೆಯ ಯಜಮಾನಿ ಅಕ್ಕನಾಗಮ್ಮ. "ಹತ್ತಿಕಾಳು ಅರೆದು ಹಾಕ್ತೀವಿ, ಬೂಸಾ ಹಾಕ್ತೀವಿ. ಎಲ್ಲಾ ತಿಂತೈತೆ, ಹಾಲು ಮಾತ್ರ ಇಳಿಸವಲ್ದು. ನಿನ್ನ ಸೀರೆ ಉಡಿಸಿ ಕೂಡ್ರಿಸಿದ್ರೂ ಅಷ್ಟೇ. ನಮ್ಮ ಸೊಸಿ ಕೈಗುಣಾನೇ ಸರಿ ಇಲ್ಲ ಬಿಡು."

ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಸೊಸೆ ಬಸವಣ್ಣೆಮ್ಮ ತಲೆ ಎತ್ತಲಿಲ್ಲ. ದಾವಣಗೆರೆಯ ಆ ಮನೆಗೆ ಬಂದು ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮೈಮೇಲೆ ಕೊಟ್ರವ್ವನ ಹಳೆಯ ಹಸಿರು ಸೀರೆ.

ಕೊಟ್ರವ್ವ ಹರಿಹರದ ಪಕ್ಕದ ಗುತ್ತೂರಿನವಳು. ಮೇಯಿಸುವ ಬಯಲಿಗೆ ಕಾರ್ಖಾನೆಯ ತಂತಿಬೇಲಿ ಬಿದ್ದದ್ದೇ ತಡ, ಮಗ ಗುತ್ತೆಪ್ಪ ಅವ್ವನನ್ನು ಒಂದು ಮಾತೂ ಕೇಳದೆ ಎಮ್ಮೆಯನ್ನು ಈ ಮನೆಗೆ ಮಾರಿಬಿಟ್ಟ. ಕಾಡಿಗೆಯಂಥ ಎಮ್ಮೆಗೆ ಬೆಳ್ಳಿ ಎಂದು ಹೆಸರಿಟ್ಟವಳು ಇವಳೇ. ಕರು ಸತ್ತ ಮೇಲೂ ಬೆಳ್ಳಿ ಇವಳೊಬ್ಬಳಿಗೆ ಹಾಲು ಕೊಡುತ್ತಿತ್ತು, ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆ. ಎಮ್ಮೆಯ ಮೇಲೆ ಮಳೆ ಸುರಿದಂತೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಬೆಳ್ಳಿಯನ್ನು ನೋಡಿರಲಿಲ್ಲ.

ಇಂಥ ಎಮ್ಮೆ ಮನೆ ಬದಲಾಯಿಸಿದಾಗ ಅದು ಮೈವಾಸನೆ ಹಿಡಿದು ನಂಬಲೆಂದು ಹಳೆಯ ಒಡತಿಯ ಸೀರೆ ಉಟ್ಟು ಹಿಂಡಲು ಕೂರುವುದು ರೂಢಿ. ಸೀರೆ ತರಲು ಅಕ್ಕನಾಗಮ್ಮ ಗಾಡಿಯ ಖುದ್ದೂಸನನ್ನು ಗುತ್ತೂರಿಗೆ ಕಳಿಸಿದ್ದರು. ಬೆವರು, ಸಗಣಿ ಮೆತ್ತಿದ ಸೀರೆಯನ್ನು ದೊಡ್ಡವರ ಮನೆಗೆ ಹಾಗೇ ಕೊಡುವುದುಂಟೇ? ಕೊಟ್ರವ್ವ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಹೊಳೆಗೆ ಹೋಗಿ ಸವಳು ಮಣ್ಣು ಹಚ್ಚಿ ತಿಕ್ಕಿ ಒಗೆದು, ಒಣಗಿಸಿ, ಮಡಿಚಿ ಕೊಟ್ಟಳು. ಮರ್ಯಾದೆ ಉಳಿಯಿತು, ಮೈವಾಸನೆ ಹೊಳೆಯ ಪಾಲಾಯಿತು.

ಅದು ಅವಳಿಗೆ ಹೊಳೆದದ್ದು ಈಗ, ಈ ಹಿತ್ತಿಲಲ್ಲಿ. ಮರ್ಯಾದೆಗೆಂದೇ ಒಗೆದೆನೋ, ಒಳಗೊಳಗೇ ಬೇರೆ ಏನಾದರೂ ಇತ್ತೋ? ಎಷ್ಟು ಕೆದಕಿದರೂ ತಿಳಿಯಲಿಲ್ಲ. ಇವತ್ತೂ ಹಾಲು ಇಳಿಸದಿದ್ದರೆ ಎಮ್ಮೆ ವಾಪಸು ಎಂಬ ಮಾತಾಗಿತ್ತು. ಹೊಳೆದಂಡೆಯ ಹುಲ್ಲು ಕೊಯ್ದಾದರೂ ಸಾಕುತ್ತೇನೆಂದು ಮಗನ ಹತ್ತಿರ ಜಗಳವಾಡಿ, ಹೊಸ ಹಗ್ಗ ಹಿಡಿದೇ ಅವಳು ಬಂದಿದ್ದಳು. ಬಾಯಿ ಬಿಡದೆ ನಿಂತರೆ ಸಾಕು, ಸಂಜೆಗೆ ಬೆಳ್ಳಿ ಅವಳದು.

"ನೀನೇ ಒಂದ್ಸಲ ಹತ್ರ ಹೋಗಿ ನೋಡವ್ವ. ಮೈಗೆ ಹುಷಾರಿಲ್ಲೇನೋ," ಎಂದರು ಅಕ್ಕನಾಗಮ್ಮ.

ಕೊಟ್ರವ್ವ ಹತ್ತಿರ ಹೋದಳು. ಪೇಟೆಗೆಂದು ಉಟ್ಟಿದ್ದ ಹೊಸ ಸೀರೆ ಗಂಜಿಯಿಂದ ಸರಬರ ಎನ್ನುತ್ತಿತ್ತು. ಬೆಳ್ಳಿ ಮೂಗು ಅರಳಿಸಿ ಬುಸ್ ಎಂದು, ಕಣ್ಣಿ ಹರಿಯುವ ಹಾಗೆ ಹಿಂದಕ್ಕೆ ಜಗ್ಗಿತು. ಅವಳನ್ನು ನೋಡಿತು, ಹಸಿರು ಸೀರೆಯನ್ನು ನೋಡಿತು, ಮತ್ತೆ ಅವಳನ್ನು ನೋಡಿತು. ದೂರದಿಂದಲೇ ಹೂಂಕರಿಸುತ್ತದೆ, ಕೈ ನೆಕ್ಕುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಇಷ್ಟು ವರ್ಷ ಇದು ಗುರುತು ಹಿಡಿದದ್ದು ಯಾರನ್ನು?

"ನಾನು ಕಣೇ ತಾಯಿ! ನಿಂತ್ಕೊ ನನ್ನವ್ವ, ನಿಂತ್ಕೊ..." ಬಾಯಿಂದ ಜಾರಿಬಿಟ್ಟಿತು. ಯಾಕೆ ಜಾರಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಬೆಳ್ಳಿಯ ಕಿವಿ ನೆಟ್ಟಗಾದವು. ಆದರೆ ಮುಖ ತಿರುಗಿದ್ದು ಕೊಟ್ರವ್ವನ ಕಡೆಗಲ್ಲ, ಹಸಿರು ಸೀರೆಯ ಕಡೆಗೆ. ಅದರ ಸೆರಗಿಗೆ ಮೂತಿ ತಾಗಿಸಿ ನಿಂತುಬಿಟ್ಟಿತು. ಬಸವಣ್ಣೆಮ್ಮ ಅಂಜುತ್ತ ಮೊಲೆತೊಟ್ಟು ಎಳೆದಳು. ತಂಬಿಗೆಯ ತಳಕ್ಕೆ ಹಾಲು ಚೊರ್ ಎಂದು ಬಿತ್ತು.

"ಸೀರೆ ಗುರುತು ಹಿಡೀತು ನೋಡ್ರೇ!" ಎಂದರು ಅಕ್ಕನಾಗಮ್ಮ.

ಸೀರೆಯಲ್ಲ, ನನ್ನ ದನಿ ಎನ್ನಬೇಕೆಂದುಕೊಂಡಳು ಕೊಟ್ರವ್ವ. ದನಿಯೇ ಆಗಿದ್ದರೆ ಅತ್ತ ಯಾಕೆ ತಿರುಗಿತು? ತಲೆ ಕೆಟ್ಟು ಸುಮ್ಮನಾದಳು. ಸುಮ್ಮನಾದದ್ದೇ ಹಾಲಿನ ಧಾರೆ ಸಣ್ಣದಾಗಿ ನಿಂತಿತು.

ಬಸವಣ್ಣೆಮ್ಮ ಮೊದಲ ಸಲ ತಲೆ ಎತ್ತಿದಳು. ಕಣ್ಣು ತುಂಬಿದ್ದವು. "ನಿಲ್ಲಿಸ್ಬ್ಯಾಡ್ರಿ ಯವ್ವಾ," ಎಂದಳು, ಅತ್ತೆಗೆ ಕೇಳದ ಹಾಗೆ.

ಕೊಟ್ರವ್ವ ಆ ಮುಖ ನೋಡಿದಳು. ಕೈಗುಣ ಕೆಟ್ಟದ್ದೆಂಬ ಮಾತು ಒಮ್ಮೆ ಅಂಟಿದರೆ ಯಾವ ಸವಳು ಮಣ್ಣಿಗೂ ಹೋಗುವುದಿಲ್ಲ.

"ನಿಂತ್ಕೊ ನನ್ನವ್ವ," ಎಂದಳು. "ಬೆಳ್ಳೀ, ಬಂಗಾರೀ, ನಿಂತ್ಕೊ."

ಹಾಲು ಮತ್ತೆ ಇಳಿಯಿತು.

"ನೀನೂ ಅನ್ನು ಮಗಳೇ," ಎಂದಳು.

"ನಿಂತ್ಕೊ ನನ್ನವ್ವ," ಎಂದಳು ಬಸವಣ್ಣೆಮ್ಮ. ಮೊದಲು ದನಿ ನಡುಗಿತು, ಆಮೇಲೆ ಅದೇ ರಾಗ, ಅದೇ ಎಳೆತ ಬಂತು. ಇಬ್ಬರೂ ಒಟ್ಟಿಗೆ ಅನ್ನುತ್ತ ಹೋದರು. ತಂಬಿಗೆಯಲ್ಲಿ ನೊರೆ ಏರಿತು.

ನಡುವೆ ಎಲ್ಲೋ ಕೊಟ್ರವ್ವ ಬಾಯಿ ಮುಚ್ಚಿದಳು. ಉಸಿರು ಬಿಗಿಹಿಡಿದು ಕೇಳುತ್ತ ನಿಂತಳು.

ಹಾಲಿನ ಸದ್ದು ನಿಲ್ಲಲಿಲ್ಲ.