ಸವೆದ ಕ್ಯಾಸೆಟ್ಟು

ಖಾಲಿ ಸ್ಟ್ರೆಚರನ್ನು ಲಿಫ್ಟಿನೊಳಗೆ ಓರೆಯಾಗಿ ನಿಲ್ಲಿಸಿದರೂ ಬಾಗಿಲು ಮುಚ್ಚಲಿಲ್ಲ. ಮಗ ಇನ್ನೊಮ್ಮೆ ತಳ್ಳಿ ನೋಡಿದ.

“ಬಿಡಪ್ಪಾ, ಅಂಗೈ ಅಗಲ ಹೊರಗೇ ಉಳಿಯುತ್ತೆ,” ಎಂದ ಲಿಫ್ಟಿನವನು. “ಹದಿನಾಲ್ಕು ವರ್ಷ ನಿಮ್ಮಪ್ಪನ ಆಫೀಸಿನ ಲಿಫ್ಟಲ್ಲಿ ನಿಂತಿದ್ದೆ. ಇದನ್ನ ಕಟ್ಟಿಸೋರು ಮಲಗಿಕೊಂಡು ಇಳಿಯೋರನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಮೆಟ್ಟಿಲಲ್ಲೇ ಹೋಗೋಣ. ಕೆಳತುದಿ ನನಗಿರಲಿ, ಭಾರ ಬೀಳೋದು ಅಲ್ಲೇ.”

ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಗೆ ಬಂದಿದ್ದವರು ಹತ್ತು ಜನ. ತೀರಿಹೋದವನನ್ನು ಎಲ್ಲರೂ ಟೀವಿಯಣ್ಣ ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಅವನು ಒಂದು ಆಫೀಸು ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಕ್ಯಾಮೆರಾದ ಪರದೆಗಳನ್ನು ನೋಡಿದ್ದ.

“ಮೊದಲು ನಾಲ್ಕು ಕಪ್ಪುಬಿಳುಪು ಟೀವಿ,” ಅಲ್ಲೇ ಗೇಟು ಕಾಯುತ್ತಿದ್ದ ಮುದುಕ ನೆನಪು ಮಾಡಿಕೊಂಡ. “ಆಮೇಲೆ ಬಣ್ಣದ್ದು ಹದಿನಾರು. ಕೊನೆಗೆ ಮುಖ ನೋಡಿ ತಾನೇ ಬಾಗಿಲು ತೆಗೆಯೋ ಕ್ಯಾಮೆರಾ ಬಂತು. ನನ್ನ ಮುಖಕ್ಕೆ ಮಾತ್ರ ತೆಗೀಲೇ ಇಲ್ಲ. ಅದಕ್ಕೂ ನಿನ್ನ ಬುದ್ಧಿ ಗೊತ್ತಾಗಿದೆ ಕಣೋ ಅಂದ ಟೀವಿಯಣ್ಣ.”

ಒಂದಿಬ್ಬರು ನಕ್ಕರು.

“ಮರುವರ್ಷ ಅವನನ್ನೂ ಮನೆಗೆ ಕಳಿಸಿದ್ರು. ನೋಡೋಕೆ ಮನುಷ್ಯ ಬೇಕಾಗಿಲ್ಲ ಅಂತ.”

ಲಿಫ್ಟಿನವನು ನಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಟೀವಿಯಣ್ಣನ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅತ್ತಿಗೆ, ಕಂಪ್ಯೂಟರ್ ಕದ್ದ ಅಂತ ನನ್ನನ್ನ ಹೊರಗೆ ಹಾಕಿದ ವಾರ ಮನೆಗೆ ಬಂದಿದ್ದು ಅಣ್ಣ ಒಬ್ಬರೇ. ಮಗಳಿಗೆ ಬೂಟು ತಂದಿದ್ರು. ನನ್ನ ಹೆಂಡ್ತಿ ಸಾಯೋ ತನಕ ಕೇಳ್ತಿದ್ಲು, ನಿಜ ಹೇಳಿ, ನೀವು ತಗೊಂಡಿಲ್ವಾ ಅಂತ. ಅಣ್ಣ ಒಂದು ಸಲಾನೂ ಕೇಳ್ಲಿಲ್ಲ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆ ನೀರು ತಂದಳು. ಅವಳು ನೀರು ಕುಡಿದಳು.

*

ಲಿಫ್ಟಿನವನು ಕೆಲಸದಲ್ಲಿದ್ದಾಗ ಕ್ಯಾಮೆರಾ ಕಂಡದ್ದೆಲ್ಲ ಕ್ಯಾಸೆಟ್ಟಿನ ಮೇಲಿತ್ತು. ಒಟ್ಟು ಮೂವತ್ತು, ದಿನಕ್ಕೊಂದು. ತಿಂಗಳು ತಿರುಗಿದರೆ ಹಳೆಯದರ ಮೇಲೆಯೇ ಹೊಸದು. ಬೇರೆ ಕ್ಯಾಸೆಟ್ಟು ಬೇಕೆಂದರೆ ಮ್ಯಾನೇಜರು, ಇದಕ್ಕೇನು ದಾಡಿ ಎನ್ನುತ್ತಿದ್ದ. ಐದು ವರ್ಷ ತುಂಬಿ ಅಳಿಸಿ ಸವೆದ ಟೇಪಿನಲ್ಲಿ ಮುಖಗಳು ಹಿಟ್ಟು ಮೆತ್ತಿದ ಹಾಗೆ ಕಾಣುತ್ತಿದ್ದವು. ಟೀವಿಯಣ್ಣ ಜನರನ್ನು ನಡಿಗೆಯಿಂದಲೇ ಗುರುತಿಸುವುದನ್ನು ಕಲಿತ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಉಗ್ರಾಣದಿಂದ ಎರಡು ಕಂಪ್ಯೂಟರ್ ಕಾಣೆಯಾದ ದಿನ ಮ್ಯಾನೇಜರು ಟೇಪು ಹಾಕಿಸಿದ. ಬಿಳಿಯ ಮಬ್ಬೊಂದು ಎಡಗಾಲನ್ನು ತುಸು ಎಳೆಯುತ್ತ ಕಾರಿಡಾರು ದಾಟಿತು.

“ಯಾರಯ್ಯಾ ಇದು?”

ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಅನ್ನೋಕೆ ನಿನ್ನನ್ನಿಲ್ಲಿ ಕೂರಿಸಿದೀವಾ ಎಂದು ಮ್ಯಾನೇಜರು ಹಿಂದಿನ ವಾರವಷ್ಟೇ ಬೈದಿದ್ದ.

“ಲಿಫ್ಟಿನವನ ಹಾಗೆ ಕಾಣುತ್ತೆ ಸಾರ್. ಅವನೂ ಕಾಲು ಎಳೀತಾನೆ.”

‘ಹಾಗೆ ಕಾಣುತ್ತೆ’ ಎಂಬುದು ಸಂಜೆಯ ಹೊತ್ತಿಗೆ ‘ಅವನೇ’ ಆಗಿತ್ತು.

ಆರು ವರ್ಷದ ಮೇಲೆ ಟೇಪು ಹೋಗಿ ಡಿಸ್ಕು ಬಂತು. ಅದೇ ಕಾರಿಡಾರಿನಲ್ಲಿ ಅದೇ ಎಡಗಾಲು ಎಳೆಯುತ್ತ ಒಬ್ಬ ಬಂದು, ಜೇಬಿನಿಂದ ಕೀಲಿ ತೆಗೆದು, ಉಗ್ರಾಣದಿಂದ ಒಂದು ಪೆಟ್ಟಿಗೆ ಹೊತ್ತೊಯ್ದ. ಈ ಸಲ ಮೂಗಿನ ಮೇಲಿನ ಮಚ್ಚೆಯೂ ಕಾಣುತ್ತಿತ್ತು. ಅವನು ಮ್ಯಾನೇಜರ ಭಾಮೈದ.

ಟೀವಿಯಣ್ಣ ಯಾರಿಗೂ ತೋರಿಸಲಿಲ್ಲ. ಮೂವತ್ತನೆಯ ದಿನ ಅದು ತಾನಾಗಿಯೇ ಅಳಿಸಿಹೋಯಿತು. ಹೆಂಡತಿಗೆ ಮಾತ್ರ ಹೇಳಿದ.

ಆಮೇಲೆ ಆ ಮಾತೆತ್ತಿದ್ದು ಹೋದ ವಾರ, ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ದಿನ.

“ಲಿಫ್ಟಿನವನಿಗೆ ಹೇಳಿಬಿಡೇ.”

“ಕರೆಸ್ತೀನಿ. ನೀವೇ ಹೇಳಿ.”

“ನಾನಿರುವಾಗ ಬೇಡ.”

ಅವಳು ಅವನ ಕೈಹಿಡಿದು ಆಗಲಿ ಎಂದಿದ್ದಳು.

*

ಮೆಟ್ಟಿಲು ಇಕ್ಕಟ್ಟಾಗಿತ್ತು. ಕೆಳಗೆ ಲಿಫ್ಟಿನವನು, ಮೇಲೆ ತಲೆಯ ಕಡೆ ಮಗ. ಮಗನ ಬೆನ್ನಿಗೆ ಅವಳು, ಅವಳ ಹಿಂದೆ ಉಳಿದವರು. ಹೆಣ ಕೆಳಗಿನ ವಾಹನ ಸೇರಿದರೆ ಲಿಫ್ಟಿನವನು ತನ್ನ ದಾರಿ ಹಿಡಿಯುತ್ತಾನೆ, ಮತ್ತೆ ಸಿಗುವವನಲ್ಲ. ಅವಳಿಗೆ ಅದು ಗೊತ್ತಿತ್ತು. ಅದು ಗೊತ್ತಿದ್ದೂ ಒಂದು ಮಹಡಿ ಸುಮ್ಮನೆ ಇಳಿದಳು.

“ಅಣ್ಣನ ಋಣ ಇಷ್ಟಾದರೂ ತೀರಲಿ ಅತ್ತಿಗೆ,” ಕೆಳಗಿನಿಂದ ಅವನು ಏದುಸಿರಿನಲ್ಲೇ ಅಂದ.

“ನಿಮಗೆ ಯಾವ ಋಣಾನೂ ಇಲ್ಲ,” ಎಂದಳು ಅವಳು, ಮಗನ ಹೆಗಲ ಮೇಲಿಂದ. “ಆ ಟೇಪಲ್ಲಿರೋದು ನೀವು ಅಂತ ಹೇಳಿದ್ದು ಇವರೇ. ನೀವಲ್ಲ ಅಂತ ಆಮೇಲೆ ಕಣ್ಣಾರೆ ನೋಡಿದ್ರು. ನನಗೂ ಹೇಳಿದ್ರು. ಇಬ್ಬರೂ ಬಾಯಿ ಮುಚ್ಕೊಂಡಿದ್ವಿ.”

“ಅಮ್ಮಾ,” ಎಂದ ಮಗ.

ಲಿಫ್ಟಿನವನು ನಿಂತ. “ಯಾವಾಗ ನೋಡಿದ್ದು?”

“ಹನ್ನೆರಡು ವರ್ಷ ಆಯ್ತು.”

“ಹನ್ನೆರಡು,” ಎಂದ ಅವನು. “ನನ್ನವಳು ಹೋಗಿ ಹತ್ತು.”



“ಇಳಿಸಿಬಿಡಪ್ಪಾ,” ಗೇಟಿನ ಮುದುಕ ಮೇಲಿಂದ ಹೇಳಿದ. “ಬೇರೆ ಯಾರಾದ್ರೂ ಹಿಡೀತಾರೆ.”

“ಎಲ್ಲಿ ಇಳಿಸಲಿ? ಜಾರುತ್ತೆ. ಇದನ್ನ ದಾಟಿ ಯಾರು ಬರ್ತೀರಿ?”

ಇನ್ನೂ ಎರಡು ಮಹಡಿ ಇತ್ತು. ಕೆಳತುದಿ ಹಿಡಿದವನು ಹಿಮ್ಮುಖವಾಗಿಯೇ ಇಳಿಯಬೇಕು. ಇಳಿಜಾರಿಗೆ ಹೊದಿಕೆ ಎದೆಯವರೆಗೆ ಸರಿದು ಟೀವಿಯಣ್ಣನ ಮುಖ ಬಯಲಾಗಿತ್ತು. ಎರಡೂ ಕೈ ಹಿಡಿಕೆಗೆ ಕೊಟ್ಟಿದ್ದ ಲಿಫ್ಟಿನವನು ಆ ಮುಖವನ್ನೇ ನೋಡುತ್ತ, ಕಣ್ಣಿಗೆ ಕಾಣದ ಮೆಟ್ಟಿಲನ್ನು ಪಾದದಿಂದ ತಡವರಿಸುತ್ತ, ಒಂದೊಂದಾಗಿ ಇಳಿಯತೊಡಗಿದ.